ಸಂಡೂರಿನ ಗಾಯನಕ್ಕೆ ಯಾರ್ಯಾರು ಹೋಗಿದ್ದರು

ಭಾನುವಾರ ಬೆಳಿಗ್ಗೆ ಹಾಲಿನವನು ಬರುವ ಮೊದಲೇ ನನ್ನ ಫೋನು ಟಿಣ್ ಟಿಣ್ ಎನ್ನಲು ಶುರುಮಾಡುತ್ತದೆ. ಅದು ಹೊಸಪೇಟೆ ಸುತ್ತಮುತ್ತಲಿನ ಸಂಗೀತಪ್ರಿಯರು ಮಾಡಿಕೊಂಡಿರುವ ವಾಟ್ಸಾಪ್ ಗುಂಪು. ಇದರಲ್ಲಿ ಹಾಡುವವರು ಯಾರೂ ಇಲ್ಲ, ಎಲ್ಲ ಕೇಳುವವರೇ. ಯಾರನ್ನು ಎದುರಿಗೆ ಕೂತು ಕೇಳಿದೆವು, ಮುಂದೆ ಯಾರನ್ನು ಕೇಳಲು ಯಾವ ಊರಿಗೆ ಹೊರಟಿದ್ದೇವೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೇ ಇಲ್ಲಿಯ ವ್ಯವಹಾರ. ಒಬ್ಬರು ಒಬ್ಬ ಗಾಯಕರನ್ನು ಗದಗಿನಲ್ಲಿ ಕೇಳಿದೆ ಎಂದು ಬರೆದರೆ ಸಾಕು, ಇನ್ನೊಬ್ಬರಿಗೆ ಅದೇ ಗಾಯಕರನ್ನು ಅದಕ್ಕಿಂತ ಬಹಳ ಹಿಂದೆ, ಅವರಿಗಿನ್ನೂ ಹೆಸರೇ ಬಂದಿಲ್ಲದ ಕಾಲದಲ್ಲಿ, ಯಾರದೋ ಮದುವೆ ಮನೆಯ ಚಪ್ಪರದಲ್ಲಿ ಕೇಳಿದ್ದು ನೆನಪಾಗುತ್ತದೆ. ಮೂರನೆಯವರು ಆ ಮದುವೆಯಲ್ಲಿ ತಬಲಾ ಯಾರು ನುಡಿಸಿದ್ದರೆಂದು ಕೇಳುತ್ತಾರೆ. ಅಲ್ಲಿಗೆ ಮಾತು ತಣ್ಣಗಾಗುತ್ತದೆ.

ಈ ಗುಂಪಿನಲ್ಲಿ ನಾನಿರುವುದು ಯೋಗ್ಯತೆಯಿಂದಲ್ಲ, ಅಳಿಯತನದಿಂದ. ನಾನು ಟಿ.ಬಿ. ಡ್ಯಾಂನ ಕಾಲುವೆ ಕಚೇರಿಯಲ್ಲಿ ನೌಕರ. ಕಚೇರಿ ಎಂದರೆ ನನಗೆ ಬಹಳ ವರ್ಷ ಅದೊಂದೇ ಕಚೇರಿ. ಮನೆ ಕ್ವಾರ್ಟರ್ಸಿನಲ್ಲಿ. ಗಾಳಿ ಈ ಕಡೆ ತಿರುಗಿದಾಗ ಡ್ಯಾಮಿನ ಗಾರ್ಡನ್ನಿನ ಸಂಗೀತ ಕಾರಂಜಿಯ ಹಾಡು ನಮ್ಮ ಅಡುಗೆಮನೆಯವರೆಗೆ ಬರುತ್ತಿತ್ತು. ಎದುರಿಗೆ ಕೂತು ಕೇಳಿದ ಸಂಗೀತ ಯಾವುದು ಎಂದು ಯಾರಾದರೂ ಕೇಳಿದ್ದರೆ ನಾನು ಆ ಕಾರಂಜಿಯನ್ನೇ ಹೇಳಬೇಕಾಗುತ್ತಿತ್ತು.

ಹುಡುಗನಾಗಿದ್ದಾಗಿನದನ್ನೂ ಸೇರಿಸಿದರೆ ಒಂದು ಹಾರ್ಮೋನಿಯಂ ಇದೆ. ನಾನು ಬೆಳೆದದ್ದು ಚಿತ್ತವಾಡ್ಗಿಯಲ್ಲಿ. ನಮ್ಮ ಓಣಿಯ ಭಜನೆಯ ಹಾರ್ಮೋನಿಯಂನಲ್ಲಿ ಒಂದು ಮನೆ, ಬೆರಳಿನಿಂದ ಒತ್ತುವ ಪಟ್ಟಿ, ಒತ್ತಿದ್ದು ಮೇಲೆ ಏಳುತ್ತಿರಲಿಲ್ಲ. ಯಾವ ಪದ ಹಾಡಿದರೂ ಹಿಂದೆ ಒಂದು ‘ಙೀ’ ಎಂಬ ಸ್ವರ ಮೊದಲಿನಿಂದ ಕೊನೆಯವರೆಗೆ ಇರುತ್ತಿತ್ತು. ಹುಡುಗರಾದ ನಾವು ಅದು ಭಜನೆಯ ಒಂದು ಅಂಗವೆಂದೇ ತಿಳಿದಿದ್ದೆವು. ಮುಂದೆ ಕಾಲೇಜಿನಲ್ಲಿ ಒಂದು ಒಳ್ಳೆಯ ಹಾರ್ಮೋನಿಯಂ ಕೇಳಿದಾಗ ಏನೋ ಕಡಿಮೆ ಇದೆ ಅನ್ನಿಸಿತು. ಪಕ್ಕದಲ್ಲಿದ್ದವನಿಗೆ ಹಾಗೆಂದು ಹೇಳಿಯೂಬಿಟ್ಟೆ. ಅವನು ನನ್ನನ್ನು ಬಹಳ ತಿಳಿದವನೆಂದುಕೊಂಡು ತಲೆಯಾಡಿಸಿದ.

ಇಂಥ ನನ್ನನ್ನು ಸಂಗೀತಕ್ಕೆ ಎಳೆದವರು ನಮ್ಮ ಅತ್ತೆ, ನೀಲಮ್ಮನವರು. ಅವರದು ಕಂಪ್ಲಿ. ಮನೆಗೆ ಹತ್ತಿಕೊಂಡೇ ಅಕ್ಕಿ ಗಿರಣಿ. ಬೆಳಗಾದರೆ ಶುರುವಾಗುವ ಗಿರಣಿಯ ಸದ್ದಿನಲ್ಲಿ ಆ ಮನೆಯವರೆಲ್ಲ ಸ್ವಲ್ಪ ಕೂಗಿಯೇ ಮಾತಾಡುತ್ತಾರೆ. ಕರೆಂಟು ಹೋದರೆ ಮಾತ್ರ ಗಿರಣಿ ನಿಲ್ಲುತ್ತಿತ್ತು. ಆಗ ನಮ್ಮ ಮಾವನವರು ಅಂಗಳದಲ್ಲಿ ನಿಂತು ಕರೆಂಟಿನವರನ್ನು ಬೈಯುತ್ತಿದ್ದರಂತೆ. ಅತ್ತೆ ಒಳಗೆ ಗೂಡಿನಲ್ಲಿದ್ದ ಸೆಲ್ಲಿನ ರೇಡಿಯೋದ ಕಿವಿ ತಿರುವುತ್ತಿದ್ದರಂತೆ. ಹಾಗೆ ಸಿಕ್ಕಷ್ಟು ಹೊತ್ತು, ಸಿಕ್ಕಷ್ಟು ಹಾಡು. ಕಂಪ್ಲಿಗೂ ಗಾಯಕರು ಬಂದು ಹೋಗುತ್ತಿದ್ದರು, ಮನೆಯ ಗಂಡಸರು ಕೇಳಿ ಬರುತ್ತಿದ್ದರು. ಹೆಣ್ಣುಮಕ್ಕಳಿಗೆ ಬೇಡ ಎಂದು ಯಾರೂ ಹೇಳಿರಲಿಲ್ಲ. ಹೋಗೋಣ ಬಾ ಎಂದೂ ಯಾರೂ ಹೇಳಿರಲಿಲ್ಲ.

ಅತ್ತೆಯವರ ಬಗ್ಗೆ ಇಷ್ಟನ್ನೂ ನಾನು ತಿಳಿದದ್ದು ನನ್ನ ಹೆಂಡತಿ ಗಿರಿಜಾಳಿಂದ. ಏಕೆಂದರೆ ಮದುವೆಯಾದಾಗಿನಿಂದ ಅತ್ತೆ ನನ್ನೊಡನೆ ನೇರವಾಗಿ ಮಾತಾಡಿದ್ದೇ ಇಲ್ಲ. ಸಿಟ್ಟಲ್ಲ, ಅವರ ಕಡೆಯ ಹಳೆಯ ರೂಢಿ. ಅಳಿಯನ ಮುಂದೆ ತಲೆಯ ಮೇಲೆ ಸೆರಗು, ಮಾತೇನಿದ್ದರೂ ಮಗಳ ಮೂಲಕ. ನಾನು ಎದುರಿನ ಕುರ್ಚಿಯಲ್ಲೇ ಕೂತಿದ್ದರೂ “ಅವರಿಗೆ ಇನ್ನೊಂದೀಟು ಅನ್ನ ಬೇಕೇನು ಕೇಳವಾ” ಎನ್ನುವರು. ಗಿರಿಜಾ ನನ್ನ ಕಡೆ ತಿರುಗಿ, “ಬೇಕೇನ್ರಿ?” ಎನ್ನುವಳು. ನಾನು ಬೇಡ ಅಂದದ್ದು ಅವರಿಗೆ ಕೇಳಿಸಿರುತ್ತಿತ್ತು. ಆದರೂ ಅವಳು ಹೇಳುವ ತನಕ ಕೈಯಲ್ಲಿನ ಸೌಟು ಕೆಳಗಿಳಿಯುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅತ್ತೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಮ್ಮ ಮನೆಗೆ ಬಂದರು. ಆಪರೇಶನ್ ಆದ ಮೇಲೆ ಬಗ್ಗಬಾರದು, ಒಲೆಯ ಮುಂದೆ ನಿಲ್ಲಬಾರದು, ಟಿವಿ ನೋಡಬಾರದು ಎಂದರು ಡಾಕ್ಟರು. ಕೈಕಟ್ಟಿ ಕೂತು ಗೊತ್ತಿಲ್ಲದ ಅವರಿಗೆ ಹೊತ್ತೇ ಹೋಗದಾಯಿತು. ಗಿರಿಜಾ ತನ್ನ ಫೋನಿನಲ್ಲಿ ಹಳೆಯ ರೇಡಿಯೋ ಹಾಡುಗಳನ್ನು ಹುಡುಕಿ ಹಾಕಿಕೊಟ್ಟಳು. ಅದರಲ್ಲಿ ಒಬ್ಬ ಗಾಯಕಿಯ ದನಿ ಬಂದರೆ ಅತ್ತೆ ಕೂತಲ್ಲೇ ನೆಟ್ಟಗಾಗುತ್ತಿದ್ದರು. ಅವರ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ‘ರೇಡಿಯೋ ಅಕ್ಕಾರು’ ಎನ್ನುತ್ತಿದ್ದರು. ಹೆಚ್ಚು ಕಡಿಮೆ ಇಬ್ಬರದೂ ಒಂದೇ ವಯಸ್ಸು.

ಗಿರಿಜಾಳಿಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಜಯತೀರ್ಥ ಮಾಸ್ತರು ಚಿತ್ತವಾಡ್ಗಿಯಲ್ಲಿದ್ದಾರೆ. ನಾನು ಮೊದಲು ಹೇಳಿದ ಗುಂಪಿನ ಹಿರಿಯರು ಅವರೇ. ತಿಂಗಳಿಗೊಂದು ಭಾನುವಾರ ಸಂಜೆ ಅವರ ಮನೆಯ ಪಡಸಾಲೆಯಲ್ಲಿ ಎಲ್ಲರೂ ಸೇರಿ, ಒಂದು ಧ್ವನಿಮುದ್ರಿಕೆ ಕೇಳಿ, ಒಗ್ಗರಣಿ ಮಂಡಕ್ಕಿ ತಿಂದು, ತಾವು ಕೇಳಿದ ಗಾಯನಗಳ ಸುದ್ದಿ ಹೇಳಿಕೊಳ್ಳುತ್ತಾರೆ. ಅವ್ವನನ್ನು ಅಲ್ಲಿಗೆ ಕರೆದೊಯ್ಯೋಣ ಎಂದು ಗಿರಿಜಾ ಹೊರಟಳು. ಕಾರು ಓಡಿಸುವವನಾಗಿ ನಾನೂ ಹೋದೆ.

ಅಲ್ಲಿ ಹೊಸಬರು ಬಂದರೆ ಒಂದು ಪದ್ಧತಿ. ಹೆಸರು, ಊರು ಆದ ಮೇಲೆ, ಯಾರ್ಯಾರನ್ನು ಎದುರಿಗೆ ಕೇಳಿದ್ದೀರಿ ಎಂದು ಕೇಳುತ್ತಾರೆ. ನನ್ನ ಸರದಿ ಬಂದಾಗ ನಾನು ಕಾರಂಜಿಯ ವಿಷಯ ಎತ್ತದೆ ಕೆಮ್ಮಿ ಮುಗಿಸಿದೆ. ಅತ್ತೆ ಮಾತ್ರ ಕಪ್ಪು ಕನ್ನಡಕದ ಹಿಂದಿನಿಂದ ಸರಳವಾಗಿ ಹೇಳಿದರು. “ಒಬ್ಬರನ್ನೂ ನೋಡಿಲ್ರಿ. ಎಲ್ಲಾ ರೇಡಿಯೋದಾಗ ಕೇಳಿದ್ದು.”

ಮಾಸ್ತರು ಚಾದ ಲೋಟ ಕೆಳಗಿಟ್ಟು, “ಯಾರನ್ನರ ಒಬ್ಬರನ್ನ ನೋಡಬೇಕು ಅಂದ್ರ ಯಾರನ್ನ ನೋಡ್ತೀರಿ?” ಎಂದರು. ಅತ್ತೆ ರೇಡಿಯೋ ಅಕ್ಕಾರ ಹೆಸರನ್ನು ಅಂದು ಮೊದಲ ಸಲ ಪೂರ್ತಿಯಾಗಿ ಹೇಳಿದರು.

“ಅವರು ಮುಂದಿನ ತಿಂಗಳು ಸಂಡೂರಿಗೆ ಬರ್ಲಿಕ್ಕೆ ಹತ್ಯಾರಲ್ಲ,” ಎಂದರು ಪಕ್ಕದವರು ಯಾರೋ. ಅತ್ತೆಯ ಕೈ ಸೆರಗಿಗೆ ಹೋಯಿತು. ಹೊರಡುವುದು ಅಲ್ಲೇ ಗಟ್ಟಿಯಾಯಿತು.

ಎಲ್ಲರೂ ಚಪ್ಪಲಿ ಮೆಟ್ಟುವಾಗ ಮಾಸ್ತರು ನನ್ನನ್ನು ಒಂದು ಕಡೆ ಕರೆದರು. “ನಾನು ಹೋದ ವರ್ಷ ಅವರನ್ನ ಹುಬ್ಬಳ್ಳ್ಯಾಗ ಕೇಳೇನಿ. ದನಿ ಉಳದಿಲ್ಲ. ಮ್ಯಾಲೆ ಹೋಗ್ಲಿಕ್ಕೆ ಆಗೂದಿಲ್ಲ, ನಡುವ ನಿಲ್ಲಿಸ್ತಾರ. ನಿಮ್ಮ ಅತ್ತೀಯವರು ಇಷ್ಟು ವರ್ಷ ಮನಸ್ಸಿನ್ಯಾಗ ಇಟಗೊಂಡಾರ. ಅದು ಹಂಗೇ ಇದ್ರ ಛೊಲೋ ಅನ್ನಸ್ತದ. ನೀವು ನೋಡ್ರಿ.”

ರಾತ್ರಿ ಊಟವಾದ ಮೇಲೆ ಗಿರಿಜಾಳಿಗೆ ಹೇಳಿದೆ. ಅವಳು ಹಾಸಿಗೆ ಕೊಡವುತ್ತ, “ಈಗ ಬ್ಯಾಡ ಅಂದ್ರ ನಮ್ಮವ್ವ ಯಾಕಂತ ಕೇಳಂಗಿಲ್ಲ. ಆತು ಬಿಡು ಅಂತಾಳ. ಹಿಂಗ ಆತು ಬಿಡು ಅಂದಂದ ಇಲ್ಲಿಗಂಟ ಬಂದಾಳ,” ಎಂದಳು. ಹಾಗಾದರೆ ದನಿಯ ಸಂಗತಿಯನ್ನಾದರೂ ಮೊದಲೇ ಹೇಳಿ ಕರೆದೊಯ್ಯೋಣ ಎಂದೆ. “ನನ್ನ ಬಾಯಿಂದ ಆಗಂಗಿಲ್ಲ. ನೀವ ಹೇಳ್ರಿ,” ಎಂದು ದೀಪ ಆರಿಸಿದಳು. ನಾನು ಯಾರ ಮೂಲಕ ಹೇಳಬೇಕೆಂದು ಅವಳು ಹೇಳಲಿಲ್ಲ.

ಸಂಡೂರಿನ ಗಾಯನವಿದ್ದ ಭಾನುವಾರವೇ ಗಿರಿಜಾ ಕಲಿಸುವ ಶಾಲೆಯಲ್ಲಿ ಯಾವುದೋ ನೇಮಕಾತಿ ಪರೀಕ್ಷೆ ಬಂತು. ಅವಳಿಗೆ ಡ್ಯೂಟಿ ಬಿತ್ತು. ಮಾಸ್ತರು ಮತ್ತು ಉಳಿದವರು ಬೆಳಗಿನ ಬಸ್ಸಿಗೇ ಹೊರಟಿದ್ದರು. ಕಾರಿನಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಅವರು ಹಿಂದಿನ ಸೀಟಿನಲ್ಲಿ, ಹೊಸ ಇಳಕಲ್ ಸೀರೆಯಲ್ಲಿ, ಕಿಟಕಿಯ ಕಡೆ ಮುಖ ಮಾಡಿ ಕೂತರು. ಊರು ದಾಟಿದೆವು. ಅದಿರಿನ ಲಾರಿಗಳ ಹಿಂದೆ ಕೆಂಪು ಧೂಳು ಕುಡಿಯುತ್ತ ಸಾಗಿದೆವು. ಗುಡ್ಡಗಳು ಹತ್ತಿರವಾಗುತ್ತಿದ್ದಂತೆ ಇನ್ನು ತಡಮಾಡಿದರೆ ಸಂಡೂರೇ ಬರುತ್ತದೆ ಎನ್ನಿಸಿ, ಕನ್ನಡಿಯಲ್ಲಿ ಅವರನ್ನು ನೋಡುತ್ತ ಹೇಳಿದೆ.

“ಅತ್ತಿಯವ್ರ, ಒಂದು ಮಾತು. ಅವ್ರ ದನಿ ಈಗ ಮೊದ್ಲಿನಂಗ ಇಲ್ಲಂತ. ಹಾಡಾಕ ತ್ರಾಸ ಆಕೈತಂತ. ಮಾಸ್ತರು ಹೇಳಿದ್ರು.”

ಒಂದು ಲಾರಿಯನ್ನು ಹಿಂದೆ ಹಾಕಿದೆ. ಇನ್ನೊಂದನ್ನೂ ಹಾಕಿದೆ.

“ಯಾವಾಗ ಹೇಳಿದ್ರು?” ಎಂದರು ಅತ್ತೆ. ನಮ್ಮ ನಡುವೆ ಮಗಳಿರಲಿಲ್ಲ. ಮಾತು ನನಗೇ ಆಡಿದ್ದು.

“ಅವತ್ತ.”

“ಅವತ್ತ ಗೊತ್ತಿದ್ರ ಇವತ್ತ್ಯಾಕ ಹೇಳ್ತೀರಿ?”

ಕಾರನ್ನು ನಿಧಾನ ಮಾಡಿ, “ತಿರುಗಿಸಲೇನ್ರಿ?” ಎಂದೆ.

“ಬ್ಯಾಡ. ನಡೀರಿ.”

ಸಂಡೂರು ಬರುವ ತನಕ ನಾನು ಲಾರಿಗಳನ್ನೇ ಹಿಂದೆ ಹಾಕುತ್ತ ಹೋದೆ.

ಗಾಯನ ಒಂದು ಸಣ್ಣ ಸಭಾಭವನದಲ್ಲಿ, ಬೆಳಗಿನ ಹೊತ್ತು. ಜನ ತುಂಬಿದ್ದರು. ನಮ್ಮ ಗುಂಪಿನವರು ನಡುವಿನ ಸಾಲಿನಲ್ಲಿ ಜಾಗ ಹಿಡಿದಿದ್ದರು. ಅತ್ತೆ ಮಾತ್ರ ಯಾರನ್ನೂ ಕೇಳದೆ ಮುಂದಿನ ಜಮಖಾನೆಯ ತುದಿಗೆ ಹೋಗಿ ಕೂತರು. ನಾನೂ ಹೋಗಿ ಸ್ವಲ್ಪ ದೂರದಲ್ಲಿ ಕೂತೆ. ಗಾಯಕಿಯನ್ನು ಶಿಷ್ಯೆಯೊಬ್ಬಳು ಕೈಹಿಡಿದು ಕರೆತಂದಳು. ಸಣ್ಣ ಆಳು, ಬೆಳ್ಳಗಿನ ಕೂದಲು, ಮೊಣಕಾಲು ಮಡಿಚಲು ಬಾರದ್ದರಿಂದ ತಗ್ಗಿನ ಕುರ್ಚಿಯ ಮೇಲೆ ಕೂತರು. ತಂಬೂರಿ ಕೂಡಿಸಿ, ತಬಲಾ ಕೂಡಿಸಿ, ಗಂಟಲು ಸರಿಮಾಡಿ, ನೀರು ಕುಡಿದು ಶುರುವಾಗುವಷ್ಟರಲ್ಲಿ ಸಾಕಷ್ಟು ಹೊತ್ತಾಯಿತು. ಇದೆಲ್ಲ ರೇಡಿಯೋದಲ್ಲಿ ಕೇಳಿಸಿರುವುದಿಲ್ಲ. ಅತ್ತೆ ಒಂದನ್ನೂ ಬಿಡದೆ ನೋಡುತ್ತಿದ್ದರು.

ಕೆಳಗಿನ ಸ್ವರಗಳಲ್ಲಿ ದನಿ ಚೆನ್ನಾಗಿಯೇ ಇತ್ತು. ಸ್ವಲ್ಪ ಒರಟು, ಆದರೆ ತುಂಬಿದ ದನಿ. ಮೇಲಿನ ಸಾ ಹತ್ತಿರ ಬಂದಾಗ ಒಡೆಯಿತು. ಶಿಷ್ಯೆ ಕೂಡಲೇ ಆ ಸ್ವರ ಹಿಡಿದು ಮುಚ್ಚಿದಳು. ಗಾಯಕಿ ಕೈಯಿಂದ ಅವಳನ್ನು ನಿಲ್ಲಿಸಿ ಮತ್ತೆ ಹತ್ತಿದರು. ಮತ್ತೆ ಒಡೆಯಿತು. ಆಮೇಲೆ ಕೆಮ್ಮು. ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದು. ಆ ಭವನದ ಹಿಂಬದಿಯಲ್ಲಿ ಉಪ್ಪಿಟ್ಟಿನ ವ್ಯವಸ್ಥೆ ಇತ್ತು. ಅದರ ವಾಸನೆ ಆಗಲೇ ಒಳಗೆ ಬಂದಿತ್ತು. ಒಬ್ಬೊಬ್ಬರೇ ಬಗ್ಗಿಕೊಂಡು ಎದ್ದರು. ನಮ್ಮ ಗುಂಪಿನವರೂ ಕೆಲವರು ಎದ್ದರು. ಮಾಸ್ತರು ಮಾತ್ರ ಕಣ್ಣುಮುಚ್ಚಿ ಕೂತಿದ್ದರು.

ಗಾಯಕಿ ಹಾಡು ನಿಲ್ಲಿಸಿದರು. “ಇವತ್ತ ದನಿ ಒಲ್ಲೆ ಅನ್ಲಿಕ್ಕೆ ಹತ್ಯದ. ತಪ್ಪ ತಿಳೀಬ್ಯಾಡ್ರಿ,” ಎಂದು ಮೈಕಿನಲ್ಲಿ ಹೇಳಿದರು. ಸಂಘಟಕರಲ್ಲಿ ಒಬ್ಬರು ಶಾಲು, ಹಾರ ಹಿಡಿದು ವೇದಿಕೆಯ ಮೆಟ್ಟಿಲು ಹತ್ತಿದರು. ಅವರಿಗೂ ಪಾಪ ಬೇಗ ಮುಗಿದರೆ ಎಲ್ಲರಿಗೂ ಒಳ್ಳೆಯದು ಎನ್ನಿಸಿರಬೇಕು.

ಆಗ ಜಮಖಾನೆಯ ತುದಿಯಿಂದ, ಗಿರಣಿಯ ಸದ್ದು ದಾಟಿಸಿ ರೂಢಿಯಾದ ದನಿಯಲ್ಲಿ ಅತ್ತೆ ಅಂದರು. “ಅಕ್ಕಾರ, ಮ್ಯಾಲೆ ಹೋಗಬ್ಯಾಡ್ರಿ. ಕೆಳಗಿಂದ ಹಾಡ್ರಿ. ನಾವು ಕುಂತೀವಿ.”

ಕೆಲವರು ನಕ್ಕರು. ಶಾಲಿನವರು ಮೆಟ್ಟಿಲ ಮೇಲೆಯೇ ನಿಂತರು. ನಾನು ಜಮಖಾನೆಯ ಅಂಚನ್ನು ನೋಡತೊಡಗಿದೆ. ನಾಚಿಕೆಯಾಯಿತು ಎಂದು ಈಗ ಬರೆಯುವುದಕ್ಕೂ ಸ್ವಲ್ಪ ನಾಚಿಕೆಯಾಗುತ್ತದೆ.

ಗಾಯಕಿ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. “ಯಾರವ್ವ ಅದು?”

“ಕಂಪ್ಲಿಯಾಕಿರಿ. ರೇಡಿಯೋದಾಗ ಕೇಳೀನ್ರಿ ನಿಮ್ಮನ್ನ. ನೋಡಾಕ ಇವತ್ತ ಬಂದೀನಿ.”

ಗಾಯಕಿ ಶಿಷ್ಯೆಯ ಕಡೆ ಬಾಗಿ ಏನೋ ಅಂದರು. ಅವಳು ತಂಬೂರಿಯ ತಂತಿಗಳನ್ನು ಸಡಿಲಿಸಿ ಶ್ರುತಿ ಇಳಿಸಲು ಕೂತಳು. ತಬಲಾದವರು ಚೀಲದಿಂದ ಬೇರೆ ತಬಲಾ ತೆಗೆದರು. ಅದೆಲ್ಲ ಆಗುವ ತನಕ ಇನ್ನಷ್ಟು ಜನ ಎದ್ದುಹೋದರು. ಉಳಿದವರು ಅರ್ಧ ಭವನವೂ ಇರಲಿಕ್ಕಿಲ್ಲ.

ಆಮೇಲೆ ಅವರು ಒಂದು ವಚನ ಹಾಡಿದರು. ಪವಾಡವೇನೂ ಆಗಲಿಲ್ಲ. ಎರಡು ಕಡೆ ಉಸಿರು ಸಾಲಲಿಲ್ಲ, ಒಂದು ಕಡೆ ಸಾಲು ಮರೆತು ಶಿಷ್ಯೆಯ ಮುಖ ನೋಡಿದರು. ದನಿ ಮಾತಿಗಿಂತ ಸ್ವಲ್ಪವೇ ಮೇಲಿತ್ತು. ಮನೆಯೊಳಗೆ ಯಾರೋ ಕೆಲಸ ಮಾಡುತ್ತ ತಮ್ಮಷ್ಟಕ್ಕೆ ಹಾಡಿಕೊಂಡ ಹಾಗೆ. ಆದರೆ ಮೊದಲಿನ ಹಾಗೆ ನಮಗೆ ಹೆದರಿಕೆಯಾಗಲಿಲ್ಲ. ಮುಂದಿನ ಸ್ವರಕ್ಕೆ ಏನಾಗುವುದೋ ಎಂಬ ಹೆದರಿಕೆ ಹೋದ ಮೇಲೆ ನನಗೆ ಮೊದಲ ಸಲ ಹಾಡಿನ ಮಾತುಗಳು ಕೇಳಿಸಿದವು. ಮುಗಿಸಿ ಕೈಮುಗಿದರು. ಶಾಲಿನವರು ಉಳಿದ ಮೆಟ್ಟಿಲು ಹತ್ತಿದರು.

ಕಾಲು ಮುಟ್ಟುವವರ ಸಾಲಿನಲ್ಲಿ ಅತ್ತೆಯೂ ನಿಂತರು. ಸರದಿ ಬಂದಾಗ ಗಾಯಕಿಯೇ ಕೇಳಿದರು. “ರೇಡಿಯೋದಾಗ ಯಾವ ಹಾಡು ಕೇಳಿದ್ರವ್ವ ನಂದು?”

“ಹಾಡು ಯಾವ್ದಂತ ನೆಪ್ಪಿಲ್ರಿ. ಗಿರಣಿ ನಿಂತಾಗ ಕೇಳ್ತಿದ್ದೆ.”

“ಗಿರಣಿ ಯಾಕ ನಿಲ್ತಿತ್ತು?”

“ಕರೆಂಟ್ ಹೋಗ್ತಿತ್ರಿ.”

“ನಮ್ಮ ಮನ್ಯಾಗೂ ಹೋಗ್ತಿತ್ತು. ನಾನು ರೇಡಿಯೋದಾಗ ಹಾಡಿದ್ದು ನಮ್ಮ ಮನ್ಯಾಗ ಯಾರೂ ಕೇಳ್ಲೇ ಇಲ್ಲ ನೋಡ್ರಿ,” ಎಂದು ಅವರು ನಕ್ಕರು. ಅತ್ತೆಯೂ ನಕ್ಕರು. ಹಿಂದಿನವರು ಅವಸರ ಮಾಡಿದ್ದರಿಂದ ಮಾತು ಅಷ್ಟಕ್ಕೇ ನಿಂತಿತು.

ಬರುವಾಗ ಅತ್ತೆ ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಕುಲುಕಾಟ ಜಾಸ್ತಿ ಎಂದರು. ಊರ ಹೊರಗೆ ಬಂದ ಮೇಲೆ, “ಭಾಳ ಚಲೋ ಏನೂ ಇರ್ಲಿಲ್ಲ, ಅಲ್ರಿ?” ಎಂದು ಕೇಳಿದರು.

“ಇರ್ಲಿಲ್ಲ,” ಎಂದೆ.

“ರೇಡಿಯೋದಾಕಿನ ಬ್ಯಾರೆ. ಇಕಿನ ಬ್ಯಾರೆ. ಇಕಿನ್ನೂ ನೋಡಿದ್ದು ಚಲೋ ಆತು.” ಕಿಟಕಿಯ ಗಾಜು ಏರಿಸಿ, “ನೀವು ಹೇಳಿದ್ದಕ್ಕ ನಾ ಸಿಟ್ಟಿಗೆದ್ದೆ. ಹೇಳದ ಹೋಗಿದ್ರ ಅಲ್ಲಿ ಅಕಿ ಮ್ಯಾಲೆ ಸಿಟ್ಟಿಗೇಳ್ತಿದ್ದೆ,” ಎಂದರು. ಆಮೇಲೆ ರಸ್ತೆಬದಿಯಲ್ಲಿ ಮಿರ್ಚಿ ಬಜ್ಜಿ ತಿಂದು ಚಾ ಕುಡಿದೆವು. ಎಂಥ ಮಿರ್ಚಿಗೆ ಎಂಥ ಹಿಟ್ಟು ಎಂದು ಅವರು ಡ್ಯಾಂ ಬರುವ ತನಕ ಹೇಳಿದರು. ಮನೆಯ ಬಾಗಿಲಿಗೆ ಬಂದಾಗ ಗಿರಿಜಾ ಎದುರು ಬಂದಳು. ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, “ಅವರಿಗೆ ಬಿಸಿನೀರು ಕೊಡವಾ, ಧೂಳಾಗಿ ಬಂದಾರ,” ಎಂದರು.

ಕೆಲವು ತಿಂಗಳ ಮೇಲೆ ಪೇಪರಿನಲ್ಲಿ ಬಂತು, ಆ ಗಾಯಕಿ ಇನ್ನು ವೇದಿಕೆಯ ಮೇಲೆ ಹಾಡುವುದಿಲ್ಲವೆಂದು. ಸಂಡೂರಿನದೇ ಕೊನೆಯ ಗಾಯನ. ಅಂದಿನಿಂದ ನಮ್ಮ ಗುಂಪಿನಲ್ಲಿ ಆ ಗಾಯನ ಬೆಳೆಯತೊಡಗಿತು. ಉಪ್ಪಿಟ್ಟಿಗೆ ಎದ್ದುಹೋದವರು ಮೊದಲು ಬರೆದರು. ಆಮೇಲೆ ಬಂದೇ ಇರದವರು ಬರೆದರು. ಅಂಥ ವಚನ ಮತ್ತೆ ಕೇಳಲಾರೆವೆಂದು ಒಬ್ಬರು, ಅಂದು ಭವನದಲ್ಲಿ ಒಣಗಿದ ಕಣ್ಣೇ ಇರಲಿಲ್ಲವೆಂದು ಇನ್ನೊಬ್ಬರು. ಜಯತೀರ್ಥ ಮಾಸ್ತರು ನನಗೆ ಫೋನು ಮಾಡಿ, “ದಿನಾ ಒಂದಿಷ್ಟು ಆ ಹಾಲ್ ದೊಡ್ಡದಾಗ್ಲಿಕ್ಕೆ ಹತ್ಯದ. ಹಿಂಗ ಆದ್ರ ಸಂಡೂರಿನ್ಯಾಗ ಹಿಡಸೂದಿಲ್ಲ,” ಎಂದರು.

ಅತ್ತೆ ಈಗ ಕಂಪ್ಲಿಯಿಂದ ತಾವೇ ಬಸ್ಸು ಹತ್ತಿ ಬರುತ್ತಾರೆ. ಗಂಗಾವತಿಯಲ್ಲಿ ಒಂದು ಗಾಯನ, ಬಳ್ಳಾರಿಯಲ್ಲಿ ಒಂದು ಸಿತಾರ್, ಹೀಗೆ ಕೇಳಿದ್ದಾರೆ. ಯಾವ ರಾಗವೆಂದು ಮಾಸ್ತರನ್ನು ಕೇಳಿ ತಿಳಿಯುತ್ತಾರೆ, ಮುಂದಿನ ಸಲ ಮರೆತಿರುತ್ತಾರೆ. ಎಲ್ಲಿಗೆ ಹೋಗುವುದೆಂಬುದನ್ನು ನನಗೇ ಫೋನು ಮಾಡಿ ಹೇಳುತ್ತಾರೆ. ಎದುರಿಗಿದ್ದಾಗ ಇನ್ನೂ ಗಿರಿಜಾ ಬೇಕು. ಫೋನಿಗೆ ಮತ್ತು ಕಾರಿಗೆ ಆ ನಿಯಮವಿಲ್ಲ.

ಮೊನ್ನೆ ಚಳಿಗಾಲದಲ್ಲಿ ಹಂಪಿಯಲ್ಲಿ ಒಂದು ಕೊಳಲು ಕಚೇರಿ ಇತ್ತು. ಸಂಜೆ ಇನ್ನೂ ಬೆಳಕಿದ್ದಾಗಲೇ ಹೋಗಿ ಕಲ್ಲಿನ ಮೆಟ್ಟಿಲ ಮೇಲೆ ಜಾಗ ಹಿಡಿದೆವು. ಗಿರಿಜಾ ಶೇಂಗಾ ತರಲು ಹೋಗಿದ್ದಳು. ಅತ್ತೆಯ ಆ ಪಕ್ಕದಲ್ಲಿ ಬಳ್ಳಾರಿಯವರೊಬ್ಬರು ಬಂದು ಕೂತರು. ನಮ್ಮಂಥ ಜನ ಪಕ್ಕಪಕ್ಕ ಕೂತರೆ ಎಷ್ಟು ಹೊತ್ತು ಸುಮ್ಮನಿರುತ್ತಾರೆ? ಯಾರ್ಯಾರನ್ನು ಕೇಳೀರಿ ಎಂಬಲ್ಲಿಗೆ ಬಂದೇ ಬಂತು. ಅವರು ಸಂಡೂರಿನದನ್ನು ತೆಗೆದರು.

“ಅವರ ಕಡೀ ಗಾಯನಕ್ಕ ನಾ ಇದ್ದೆನ್ರಿ,” ಎಂದರು.

“ಹೌದೇನ್ರಿ? ಹೆಂಗಿತ್ರಿ?” ಎಂದರು ಅತ್ತೆ.

ನಾನು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ ಸೆರಗಿನ ಕೆಳಗಿನಿಂದ ಕೈ ಚಾಚಿ ನನ್ನ ತೋಳು ಒತ್ತಿದರು. ನಾನು ಬಾಯಿ ಮುಚ್ಚಿದೆ.

ಬಳ್ಳಾರಿಯವರು ಚೆನ್ನಾಗಿ ಹೇಳಿದರು. ಹಾಡಿನ ನಡುವೆ ಮೈಕು ಕೆಟ್ಟಿತಂತೆ. ಮೈಕಿಲ್ಲದೆಯೇ ಆ ದನಿ ಹೊರಗೆ ರಸ್ತೆಯವರೆಗೆ ಕೇಳಿಸಿತಂತೆ. ಕೊನೆಯ ವಚನಕ್ಕೆ ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಎದ್ದು ನಿಂತು ಗಳಗಳ ಅತ್ತಳಂತೆ. ಗಾಯಕಿ ವೇದಿಕೆಯಿಂದ ಇಳಿದು ಬಂದು ಅವಳನ್ನು ಅಪ್ಪಿಕೊಂಡರಂತೆ.

“ಯಾರಂತ್ರಿ ಆ ಮುದುಕಿ?”

“ಗೊತ್ತಾಗ್ಲಿಲ್ರಿ. ಭಾಳ ಸಂಗೀತ ಕಲ್ತಾಕಿ ಅಂತ ಹೇಳಿದ್ರು.”

“ಇರಬೇಕ್ರಿ,” ಎಂದರು ಅತ್ತೆ.

ವೇದಿಕೆಯ ಮೇಲೆ ತಬಲಾ ಕೂಡಿಸುವ ಸದ್ದು ಶುರುವಾಯಿತು. ಬಳ್ಳಾರಿಯವರು ಆ ಕಡೆ ತಿರುಗಿ ಕೂತರು. ಗಿರಿಜಾ ಇನ್ನೂ ಬಂದಿರಲಿಲ್ಲ. ಅತ್ತೆ ನನ್ನ ಕಡೆ ಬಾಗಿ, ಸಣ್ಣ ದನಿಯಲ್ಲಿ ಕೇಳಿದರು.

“ಅವತ್ತ ನನಗ ಅಳು ಬಂದಿದ್ದಿಲ್ಲ, ಹೌದಲ್ರಿ?”

“ಇಲ್ರಿ.”

“ಅಳಬೇಕಿತ್ತೇನು,” ಎಂದರು ಅತ್ತೆ. “ಚಲೋ ಕಾಣ್ತಿತ್ತು.”